ಎರಡನೇ ಕಾಗೆಗೆ ನೀರು ಸಿಗಲಿಲ್ಲ: ನಲಿ-ಕಲಿ ಕೊಠಡಿಯ ಒಂದು ಪ್ರಕರಣ

ಚಿಕ್ಕ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಬಾಯಾರಿದ ಕಾಗೆಯ ಕಥೆಯಷ್ಟು ಸಲೀಸಾದದ್ದು ಇನ್ನೊಂದಿಲ್ಲ ಅನ್ನಿಸುತ್ತದೆ. ಕಥೆ ಎಲ್ಲರಿಗೂ ಗೊತ್ತು, ಕಲ್ಲು ಅಂಗಳದಲ್ಲೇ ಬಿದ್ದಿದೆ, ನೀರು ನಲ್ಲಿಯಲ್ಲಿದೆ. ಆದರೆ ಡಬ್ಬಿ ಇಟ್ಟು, ತಳದಲ್ಲಿ ಒಂದಿಷ್ಟು ನೀರು ಸುರಿದು, ಜಲ್ಲಿ ಹಾಕುತ್ತಾ ಹೋದರೆ ಎಷ್ಟೋ ಸಲ ನೀರು ಮೇಲೆ ಬರುವುದೇ ಇಲ್ಲ. ಕಲ್ಲು ಬಾಯಿಮಟ್ಟ ತುಂಬಿದರೂ ನೀರು ಕೆಳಗೇ ಕೂತಿರುತ್ತದೆ. ಆಗ ಶಿಕ್ಷಕಿಯ ಕೈ ತಾನಾಗಿ ಲೋಟದ ಕಡೆ ಹೋಗುತ್ತದೆ. ಮಕ್ಕಳ ಕಣ್ಣು ತಪ್ಪಿಸಿ ಅರ್ಧ ಲೋಟ ನೀರು ಸುರಿದರೆ ಕಥೆ ಗೆಲ್ಲುತ್ತದೆ, ಪಾಠ ಮುಗಿಯುತ್ತದೆ. ಆ ಅರ್ಧ ಲೋಟ ಸುರಿಯದೆ ಇದ್ದರೆ ಏನಾಗುತ್ತದೆ ಎಂಬುದೇ ಇಲ್ಲಿನ ಪ್ರಕರಣ.

ಸಂದರ್ಭ ಇಷ್ಟು. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ಕೊಠಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ; ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಲ್ಲಿರುತ್ತದೆ. ಆರರಿಂದ ಒಂಬತ್ತು ವರ್ಷದ ಇಪ್ಪತ್ತು ಮಕ್ಕಳು, ಒಬ್ಬರೇ ಶಿಕ್ಷಕಿ, ನಲವತ್ತು ನಿಮಿಷದ ಅವಧಿ. ಪರಿಸರ ಅಧ್ಯಯನದ ನೀರಿನ ಪಾಠಕ್ಕೆ ಕಾಗೆ ಕಥೆಯನ್ನು ಮಾಡಿ ತೋರಿಸಿದಾಗ ನೀರು ಏರಲಿಲ್ಲ. "ಮಿಸ್, ಕಲ್ಲು ನೀರು ಕುಡೀತು" ಅಂತ ಒಂದು ಮಗು, "ಕಥೆ ಸುಳ್ಳು" ಅಂತ ಇನ್ನೊಂದು. ಎರಡೂ ಮಾತು ಪರೀಕ್ಷೆಗೆ ಒಳಪಡಿಸಬೇಕಾದಂಥವು. ಆ ಚಟುವಟಿಕೆಯನ್ನು ಕೈಬಿಡದೆ, ಸೋಲನ್ನೇ ನಡುವೆ ಇಟ್ಟು ಮೂರು ಅವಧಿಗೆ ಹೊಸದಾಗಿ ಕಟ್ಟಿದ ಬಗೆ ಮುಂದಿದೆ.

ನೀರು ಏಕೆ ನಿಂತಿತು

ದುಂಡನೆಯ ಕಲ್ಲುಗಳನ್ನು ಡಬ್ಬಿಗೆ ತುಂಬಿದಾಗ ಡಬ್ಬಿಯೆಲ್ಲ ಕಲ್ಲಾಗುವುದಿಲ್ಲ. ಸುಮಾರು ಶೇ 40ರಷ್ಟು ಜಾಗ ಸಂದುಗಳಾಗಿಯೇ ಉಳಿಯುತ್ತದೆ. ಡಬ್ಬಿ ಕಿರಿದಾಗಿದ್ದು ಕಲ್ಲು ದಪ್ಪಗಿದ್ದರೆ ಗೋಡೆಯ ಪಕ್ಕದಲ್ಲಿ ಇನ್ನಷ್ಟು ಸಂದು ಉಳಿದು ಈ ಪಾಲು ಅರ್ಧದ ಹತ್ತಿರಕ್ಕೂ ಹೋಗುತ್ತದೆ. ಮೂಲೆ ಚೂಪಾದ ಜಲ್ಲಿಗೂ ಹಾಗೆಯೇ. ನೀರು ಮೊದಲು ಈ ಸಂದುಗಳನ್ನು ತುಂಬಬೇಕು. ತುಂಬುವಷ್ಟು ನೀರು ಇಲ್ಲದಿದ್ದರೆ ಕಲ್ಲಿನ ರಾಶಿ ನೀರಿನ ಮಟ್ಟವನ್ನು ದಾಟಿ ಮೇಲೆ ಹೋಗುತ್ತದೆ, ಅಲ್ಲಿಂದಾಚೆಗೆ ಹಾಕಿದ ಕಲ್ಲು ನೀರನ್ನು ಮುಟ್ಟುವುದೇ ಇಲ್ಲ. ಒಣಕಲ್ಲಿನ ಮೇಲೆ ಒಣಕಲ್ಲು ಪೇರಿಸಿದಂತೆ, ಅಷ್ಟೆ.

ಹಾಗಾಗಿ ಗೋಡೆ ನೆಟ್ಟಗಿರುವ ಪಾತ್ರೆಯಲ್ಲಿ ನೀರು ಎಲ್ಲಿಯವರೆಗೆ ಏರಬೇಕೋ ಆ ಎತ್ತರದ ಅರ್ಧದಷ್ಟು ನೀರು ಮೊದಲೇ ಇದ್ದರೆ ಕಥೆ ಖಂಡಿತ ಗೆಲ್ಲುತ್ತದೆ. ಮೂರನೇ ಒಂದು ಭಾಗ ಮಾತ್ರ ಇದ್ದರೆ ಖಂಡಿತ ಸೋಲುತ್ತದೆ. ನಡುವೆ ಇರುವುದು ಕಲ್ಲಿನ ಆಕಾರಕ್ಕೆ ಬಿಟ್ಟದ್ದು. ಹೊಟ್ಟೆ ಉಬ್ಬಿದ ಹೂಜಿಯಲ್ಲಿ ಇನ್ನೊಂದು ತೊಡಕಿದೆ: ಮೊದಲು ಹೊಟ್ಟೆ ತುಂಬಬೇಕು. 5 ಲೀಟರಿನ ಹೂಜಿಯಲ್ಲಿ ಅರ್ಧ ನೀರಿದ್ದರೆ ಅದನ್ನು ಕಂಠಕ್ಕೆ ತರಲು ಎರಡು ಲೀಟರಿಗೂ ಹೆಚ್ಚು ಕಲ್ಲು ಬೇಕು. 2.5 ಸೆಂ.ಮೀ. ದಪ್ಪದ ಕಲ್ಲಾದರೆ ಇನ್ನೂರೈವತ್ತನ್ನು ಮೀರುತ್ತದೆ. ಚಿತ್ರಪುಸ್ತಕದ ಕಾಗೆ ಏಳೆಂಟು ಕಲ್ಲಿಗೆ ನೀರು ಕುಡಿದು ಹಾರಿಹೋಗುವುದನ್ನು ನಂಬಿ ಮಣ್ಣಿನ ಹೂಜಿ ತಂದಿಟ್ಟರೆ ಅವಧಿ ಪೂರ್ತಿ ಕಲ್ಲು ಹೊರುವುದೇ ಆಗುತ್ತದೆ. ಮೇಲಾಗಿ ಒಳಗೆ ಏನಾಗುತ್ತಿದೆ ಎಂದು ಕಾಣುವುದೂ ಇಲ್ಲ.

ಸಾಮಾನು

ಐದು ಮಕ್ಕಳ ಒಂದು ಗುಂಪಿಗೆ ಬೇಕಾದದ್ದು: ಒಳಗೆ ಕಾಣುವ, ತಳ ಚಪ್ಪಟೆಯಾದ, ಗೋಡೆ ನೆಟ್ಟಗಿರುವ ಪ್ಲಾಸ್ಟಿಕ್ ಡಬ್ಬಿ ಎರಡು. ಅಗಲ 7.5 ಸೆಂ.ಮೀ., ಎತ್ತರ 13ರಿಂದ 14 ಸೆಂ.ಮೀ. ಇದ್ದರೆ ಅಂಚಿನವರೆಗೆ ಸುಮಾರು 600 ಮಿ.ಲೀ. ಹಿಡಿಯುತ್ತದೆ. ಇಲ್ಲಿನ ಲೆಕ್ಕವೆಲ್ಲ ಆ ಅಳತೆಗೆ. ನೀರಿನ ಬಾಟಲಿ ಕತ್ತರಿಸಿ ಮಾಡುವುದಾದರೆ ತಳದ ಉಬ್ಬುತಗ್ಗು ಲೆಕ್ಕ ಕೆಡಿಸುತ್ತದೆ, ಕತ್ತರಿಸಿದ ಅಂಚು ಬೆರಳು ಕೊಯ್ಯುತ್ತದೆ. ಅಂಚಿಗೆ ಇನ್ಸುಲೇಷನ್ ಟೇಪನ್ನು ಎರಡು ಸುತ್ತು ಸುತ್ತದೆ ಮಕ್ಕಳ ಕೈಗೆ ಕೊಡಬಾರದು. ಗಾಜು ಬೇಡವೇ ಬೇಡ.

ಕಲ್ಲು 45. ನುಣುಪಾದ ಹೊಳೆಗಲ್ಲು, ಸುಮಾರು 2.5 ಸೆಂ.ಮೀ. ದಪ್ಪ. ಅಷ್ಟೂ ಸೇರಿ ಒಂದು ಕಿಲೋ ಆಸುಪಾಸು ತೂಗುತ್ತದೆ. ಒಂದೊಂದು ಕಲ್ಲೂ ಸುಮಾರು 8 ಮಿ.ಲೀ. ಜಾಗ ಹಿಡಿದು, ಈ ಡಬ್ಬಿಯಲ್ಲಿ ನೀರನ್ನು 2 ಮಿ.ಮೀ.ನಷ್ಟು ಏರಿಸುತ್ತದೆ. ಇದಕ್ಕಿಂತ ಸಣ್ಣ ಕಲ್ಲಾದರೆ ಒಂದು ಕಲ್ಲಿಗೆ ಆಗುವ ವ್ಯತ್ಯಾಸ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಮಾಮೂಲಿ ಗೋಲಿ ಕೇವಲ 2 ಮಿ.ಲೀ. ಹಿಡಿಯುತ್ತದೆ, ಹಾಗಾಗಿ ಅದು ಇಲ್ಲಿ ಕೆಲಸಕ್ಕೆ ಬಾರದು. ಜಲ್ಲಿ ಬಿಟ್ಟು ಬೇರೇನೂ ಸಿಗದಿದ್ದರೆ ಎರಡು ಮೂರು ನೀರಲ್ಲಿ ತೊಳೆದು ಒಣಗಿಸಬೇಕು. ಇಲ್ಲವಾದರೆ ಅದರ ಪುಡಿ ನೀರನ್ನು ಹಾಲಿನಂತೆ ಮಾಡಿ ಮಟ್ಟ ಕಾಣದಾಗುತ್ತದೆ.

ಅಳತೆಗೆ ಮದುವೆಮನೆಯಲ್ಲಿ ಎಲೆಯ ಪಕ್ಕ ಇಡುವ 200 ಮಿ.ಲೀ. ಬಾಟಲಿ ಸಾಕು. ನಡುವೆ 100ರ ಗುರುತು ಬೇಕಾದರೆ, ತುಂಬಿದ ಬಾಟಲಿಯ ನೀರನ್ನು ಒಂದೇ ತರಹದ ಎರಡು ಲೋಟಕ್ಕೆ ಸಮನಾಗಿ ಹಂಚಿ ಒಂದನ್ನು ವಾಪಸ್ ಸುರಿದು ಟೇಪ್ ಅಂಟಿಸಬಹುದು. ಮಟ್ಟ ಗುರುತಿಸಲು ನೀಲಿ, ಕೆಂಪು ರಬ್ಬರ್ ಬ್ಯಾಂಡ್. ಸ್ಕೆಚ್ ಪೆನ್ ಒದ್ದೆ ಕೈಗೆ ಅಳಿಸಿಹೋಗುತ್ತದೆ. ಇನ್ನು ಕಾಗೆಯ ಕೊಕ್ಕು: ಒಂದು ಐಸ್‌ಕ್ರೀಂ ಕಡ್ಡಿ ಮತ್ತು ಬಟ್ಟೆ ಒಣಹಾಕುವ ಕ್ಲಿಪ್. ಕಡ್ಡಿ ಅಂಚಿನಿಂದ 5 ಸೆಂ.ಮೀ. ಒಳಗೆ ಇಳಿಯುವಂತೆ ಗೋಡೆಗೆ ಒತ್ತಿ ಕ್ಲಿಪ್ ಹಾಕಿದರೆ ಅದೇ ಕೊಕ್ಕಿನ ತುದಿ. ಅಲ್ಲಿಯವರೆಗೆ ಡಬ್ಬಿ ಸುಮಾರು 380 ಮಿ.ಲೀ. ಹಿಡಿಯುತ್ತದೆ. ಒದ್ದೆಯಾದರೆ ಮರ ಕಪ್ಪಾಗುತ್ತದೆ. ಕಾಗೆಗೆ ನೀರು ಸಿಕ್ಕಿತೋ ಇಲ್ಲವೋ ಎಂದು ಜಗಳ ಆಡಬೇಕಿಲ್ಲ.

ಒಂದು ಎಚ್ಚರಿಕೆ: ಕಡ್ಡಿಯನ್ನು ಮೊದಲೇ ಸಿಕ್ಕಿಸಿಟ್ಟರೆ ಕಲ್ಲು ಬಿದ್ದಾಗ ಸಿಡಿಯುವ ಹನಿಗೇ ಒದ್ದೆಯಾಗಿ "ಕುಡೀತು, ಕುಡೀತು" ಎಂದು ಗುಂಪು ಕೂಗುತ್ತದೆ. ಕಲ್ಲು ಹಾಕಿ, ನೀರು ನಿಂತ ಮೇಲೆ ಒಣಕಡ್ಡಿ ಇಳಿಸಬೇಕು. ಗುಂಪಿಗೆ ಐದಾರು ಕಡ್ಡಿ ಇರಲಿ.

ಮೊದಲ ಅವಧಿ: ಗೊತ್ತಿರುವ ಕಥೆ

ಅಂಗನವಾಡಿಯಿಂದಲೇ ಕೇಳಿದ ಕಥೆಯಲ್ಲಿ ಕುತೂಹಲ ಉಳಿದಿರುವುದಿಲ್ಲ. "ಆಗ ಕಾಗೆ ಏನು ಮಾಡಿತು?" ಎಂದು ಕೇಳುವುದು ದಂಡ, ಇಪ್ಪತ್ತು ಬಾಯಿಂದ ಒಂದೇ ಉತ್ತರ ಬರುತ್ತದೆ. ಕೇಳಬೇಕಾದದ್ದು ಎಷ್ಟು ಕಲ್ಲು ಎಂದು. ಕಥೆಯನ್ನು ಎರಡೇ ನಿಮಿಷದಲ್ಲಿ, ಕಾಗೆ ಹೂಜಿಯೊಳಗೆ ಬಗ್ಗಿ ನೋಡಿ ಕೊಕ್ಕು ಎಟುಕದೆ ನಿಂತ ಜಾಗದವರೆಗೆ ಹೇಳಿ ನಿಲ್ಲಿಸಿ, ಡಬ್ಬಿಗೆ 250 ಮಿ.ಲೀ. ನೀರು ಹಾಕಿ, ನೀಲಿ ಬ್ಯಾಂಡನ್ನು ಮಟ್ಟಕ್ಕೆ ಸರಿಸಿ, ಪ್ರತಿ ಮಗುವೂ ತನ್ನ ಅಂದಾಜನ್ನು ಹುಣಸೆ ಬೀಜ ಎಣಿಸಿ ತನ್ನ ಮುಂದೆ ಇಟ್ಟುಕೊಳ್ಳುವುದು. ಬರೆಯಲು ಬಾರದ ಒಂದನೇ ತರಗತಿಯ ಮಗುವಿಗೂ ಇದು ಸಾಧ್ಯ, ಆಮೇಲೆ ಅಂದಾಜನ್ನು ಬದಲಾಯಿಸುವುದೂ ಕಷ್ಟ.

ಕಲ್ಲನ್ನು ಎಸೆಯಬಾರದು, ಇಳಿಸಬೇಕು. ಡಬ್ಬಿಯನ್ನು ಸ್ವಲ್ಪ ಓರೆ ಹಿಡಿದು ಗೋಡೆಗುಂಟ ಜಾರಿಸಿದರೆ ನೀರು ಸಿಡಿಯುವುದಿಲ್ಲ. ಐದು ಕಲ್ಲಿಗೊಮ್ಮೆ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಬೇಕು. ನಿಂತು ಮೇಲಿನಿಂದ ನೋಡಿದವರ ಅಳತೆ ಎಂದೂ ಹೊಂದುವುದಿಲ್ಲ. ಹದಿನೈದರಿಂದ ಇಪ್ಪತ್ತರೊಳಗೆ ಕಡ್ಡಿಯ ತುದಿ ಕಪ್ಪಾಗುತ್ತದೆ. ಕೆಂಪು ಬ್ಯಾಂಡ್ ಅಲ್ಲಿಗೆ.

ನಿಜವಾದ ಪ್ರಶ್ನೆ ಬರುವುದು ಇಲ್ಲಿ. "ಡಬ್ಬಿಯಲ್ಲಿ ನೀರು ಈಗ ಜಾಸ್ತಿ ಆಗಿದೆಯಾ, ಮೊದಲಿನಷ್ಟೇ ಇದೆಯಾ?" ಆರು ವರ್ಷದವರಲ್ಲಿ ಹೆಚ್ಚಿನವರು ಜಾಸ್ತಿ ಆಗಿದೆ ಅನ್ನುತ್ತಾರೆ. ಮಟ್ಟ ಏರಿದ್ದು ಕಣ್ಣಿಗೆ ಕಾಣುತ್ತಿದೆಯಲ್ಲ! ಅಗಲ ಲೋಟದಿಂದ ಉದ್ದ ಲೋಟಕ್ಕೆ ಸುರಿದ ನೀರು ಹೆಚ್ಚಾಯಿತು ಎಂದು ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳು ಹೇಳುವುದನ್ನು ಮನಶ್ಶಾಸ್ತ್ರಜ್ಞ ಪಿಯಾಜೆ ದಾಖಲಿಸಿದ್ದ. ಇದೂ ಅದೇ ಜಾತಿಯದು. ಬಾಯಲ್ಲಿ ತಿದ್ದಿದರೆ ಮಗು ತಲೆ ಆಡಿಸುತ್ತದೆ, ಒಳಗೆ ಒಪ್ಪುವುದಿಲ್ಲ. ಕಲ್ಲನ್ನು ಒಂದೊಂದಾಗಿ ಅವರೇ ತೆಗೆಯಲಿ. ಮಟ್ಟ ಇಳಿಯುತ್ತಾ ಬಂದು ನೀಲಿ ಬ್ಯಾಂಡಿನ ಹತ್ತಿರ, ಒಂದೆರಡು ಮಿಲಿಮೀಟರ್ ಕೆಳಗೆ ನಿಲ್ಲುತ್ತದೆ. ಆ ಕೊರತೆ ಎಲ್ಲಿ ಹೋಯಿತು ಎಂದು ಹುಡುಕಿದರೆ ಒದ್ದೆ ಕಲ್ಲು, ಒದ್ದೆ ಅಂಗೈ, ತಟ್ಟೆಯಲ್ಲಿ ಬಿದ್ದ ಹನಿ. ಮೂರನೇ ತರಗತಿಯವರು ಇದನ್ನು ತಾವೇ ಹೇಳುತ್ತಾರೆ.

ಎರಡನೇ ಅವಧಿ: ಯಾರೂ ಕೇಳದ ಕಥೆ

ಮೊದಲ ಕಾಗೆ ನೀರು ಕುಡಿದು ಹೋಯಿತು. ಬೇಸಿಗೆ. ಹೂಜಿಯ ನೀರು ಬಿಸಿಲಿಗೆ ಆರಿತು. ಯಾರೋ ಬಂದು ಕಲ್ಲನ್ನೆಲ್ಲ ತೆಗೆದು ಪಕ್ಕಕ್ಕೆ ಹಾಕಿದರು. ನಾಲ್ಕು ದಿನ ಬಿಟ್ಟು ಎರಡನೇ ಕಾಗೆ ಬಂತು. ಅದಕ್ಕೆ ಮೊದಲ ಕಾಗೆಯ ಉಪಾಯ ಗೊತ್ತು, ಕಲ್ಲೂ ಬೇಕಾದಷ್ಟಿದೆ. ಆದರೆ ನೀರು ತಳದಲ್ಲಿದೆ.

ಕಥೆ ಅಲ್ಲಿಗೇ ನಿಲ್ಲುತ್ತದೆ. ಡಬ್ಬಿಗೆ ಈಗ 100 ಮಿ.ಲೀ.; ತಳದಿಂದ ಎರಡೂಕಾಲು ಸೆಂ.ಮೀ. ಎತ್ತರ. ಈ ಕಾಗೆಗೆ ನೀರು ಸಿಗುತ್ತದೆಯೇ? ಸಿಗುತ್ತೆ, ಸಿಗಲ್ಲ, ಗೊತ್ತಿಲ್ಲ ಎಂಬ ಮೂರು ಬಟ್ಟಲನ್ನು ಮೇಜಿನ ಹಿಂದೆ ಇಟ್ಟು ಒಬ್ಬೊಬ್ಬರೇ ಹೋಗಿ ಒಂದು ಬೀಜ ಹಾಕಿ ಬರುವುದು. ಎಲ್ಲರೆದುರು ಕೈ ಎತ್ತಿಸಿದರೆ ಜೋರುಬಾಯಿಯ ಹುಡುಗ ಯಾವ ಕಡೆಯೋ ಎಲ್ಲರೂ ಆ ಕಡೆ. ನಿನ್ನೆ ಗೆದ್ದ ಕಾರಣ ಬಹುಪಾಲು ಬೀಜ 'ಸಿಗುತ್ತೆ' ಬಟ್ಟಲಿಗೇ ಬೀಳುತ್ತದೆ. ಇನ್ನಷ್ಟು ಕಲ್ಲು ಹಾಕಿದರಾಯಿತು ಎಂಬ ತರ್ಕ ತಪ್ಪೆಂದು ಅವರಿಗೆ ಅನ್ನಿಸಲು ಈವರೆಗೆ ಕಾರಣವೇ ಸಿಕ್ಕಿಲ್ಲ.

ಹದಿನಾರು ಹದಿನೇಳು ಕಲ್ಲಿನವರೆಗೆ ನೀರು ಏರುತ್ತದೆ. 5 ಸೆಂ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಮಕ್ಕಳು ಸುರಿಯುತ್ತಲೇ ಇರುತ್ತಾರೆ: ಇಪ್ಪತ್ತು, ಮೂವತ್ತು, ನಲವತ್ತು. ಇಲ್ಲಿ ಶಿಕ್ಷಕಿ ಸುಮ್ಮನಿರಬೇಕು, ಅದೇ ಕಷ್ಟ. ಕಲ್ಲು ಮುಗಿದು ಡಬ್ಬಿ ತುಂಬಿ, ಮೇಲಿನ ಕಲ್ಲು ಒಣಗಿಯೇ ಇದೆ ಎಂದು ಯಾರಾದರೂ ಬೆರಳಿಟ್ಟು ನೋಡುವವರೆಗೆ ಕಾಯಬೇಕು. ಲೋಟಕ್ಕೆ ಕೈಹಾಕುವ ಗಳಿಗೆಯೂ ಇದೇ. ಈಗ ನೀರು ಸುರಿದರೆ ಮಕ್ಕಳು ಕಲಿಯುವುದು, ಕಣ್ಣು ಕಂಡದ್ದಕ್ಕಿಂತ ಕಥೆ ದೊಡ್ಡದು ಎಂದು.

ಬರುವ ವಿವರಣೆಗಳನ್ನು ಹೇಳಿದಂತೆಯೇ ಕರಿಹಲಗೆಯ ಮೇಲೆ ಬರೆಯಬೇಕು. "ಕಲ್ಲು ಕುಡೀತು." "ಕಲ್ಲು ಸಾಲ್ದು." "ನೀರು ಕಲ್ಲಿನ ಕೆಳಗೆ ಬಚ್ಚಿಟ್ಕೊಂಡೈತೆ." ಮೂರನೆಯದು ಸರಿ ದಾರಿಯಲ್ಲಿದೆ. ಆದರೆ ಹಾಗೆ ಹೇಳಿ ಉಳಿದೆರಡನ್ನು ಅಳಿಸಿಬಿಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ.

'ಕಲ್ಲು ಸಾಲ್ದು' ಎಂಬುದಕ್ಕೆ ಪಕ್ಕದ ಗುಂಪಿನ ಕಲ್ಲು ತಂದು ಗೋಪುರ ಕಟ್ಟಿದರೆ ಉತ್ತರ ಸಿಗುತ್ತದೆ. 'ಕಲ್ಲು ಕುಡೀತು' ಎಂಬುದಕ್ಕೆ ಇನ್ನೊಂದು ಡಬ್ಬಿ ಬೇಕು. ಎರಡರಲ್ಲೂ 250 ಮಿ.ಲೀ. ನೀರು, ಒಂದಕ್ಕೆ ಹನ್ನೆರಡು ಹೊಳೆಗಲ್ಲು, ಇನ್ನೊಂದಕ್ಕೆ ಹೆಚ್ಚುಕಡಿಮೆ ಅಷ್ಟೇ ಮಟ್ಟ ಏರಿಸುವಷ್ಟು ಒಣ ಇಟ್ಟಿಗೆ ಚೂರು. ಹಾಕಿದ ಕೂಡಲೇ ಕೆಂಪು ಬ್ಯಾಂಡ್ ಇಟ್ಟು ಹದಿನೈದು ನಿಮಿಷ ಬಿಡುವುದು. ಇಟ್ಟಿಗೆಯಿಂದ ಗುಳ್ಳೆ ಏಳುತ್ತದೆ, ನೀರು ಬ್ಯಾಂಡಿಗಿಂತ ಕೆಲವು ಮಿಲಿಮೀಟರ್ ಇಳಿಯುತ್ತದೆ. ಎಷ್ಟು ಎಂಬುದು ಇಟ್ಟಿಗೆ ಸುಟ್ಟ ಹದದ ಮೇಲೆ. ಹೊಳೆಗಲ್ಲಿನ ಡಬ್ಬಿಯಲ್ಲಿ ಮಟ್ಟ ಅಲ್ಲಾಡುವುದಿಲ್ಲ. ಕುಡಿಯುವ ಕಲ್ಲೂ ಉಂಟು, ಕುಡಿಯದ ಕಲ್ಲೂ ಉಂಟು. ಆ ಮಗು ಹೇಳಿದ್ದು ಇಟ್ಟಿಗೆಗೆ ನಿಜ, ಹೊಳೆಗಲ್ಲಿಗೆ ಅಲ್ಲ. ಮೊದಲೇ ನೆನೆದ ಇಟ್ಟಿಗೆ ತಂದರೆ ಈ ಪರೀಕ್ಷೆ ಕೆಡುತ್ತದೆ, ಹಿಂದಿನ ದಿನ ಬಿಸಿಲಿಗಿಟ್ಟಿರಬೇಕು.

ಮಕ್ಕಳು ಬೇರೆ ಉಪಾಯಗಳನ್ನೂ ತರುತ್ತಾರೆ. ಹೂಜಿಯನ್ನು ಬಾಗಿಸಬಹುದಲ್ಲ? ಬಾಗಿಸಿ ನೋಡಲಿ, ನೀರು ಅಂಚಿಗೆ ಬರುವಷ್ಟು ಬಾಗಿಸಿದರೆ ಡಬ್ಬಿ ನಿಲ್ಲುತ್ತದೆಯೇ? ಸ್ಟ್ರಾ ಹಾಕಬಹುದಲ್ಲ? ಪಾರಿವಾಳಕ್ಕಾದರೆ ಮಾತಾಡಬಹುದಿತ್ತು, ಅದು ಕೊಕ್ಕನ್ನು ನೀರಲ್ಲಿಟ್ಟು ಹೀರುತ್ತದೆ. ಕಾಗೆ ಹೀರುವುದಿಲ್ಲ, ಕೊಕ್ಕಿನಲ್ಲಿ ನೀರು ತುಂಬಿಕೊಂಡು ತಲೆ ಎತ್ತಿ ನುಂಗುತ್ತದೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನಲ್ಲಿಯ ಹತ್ತಿರ ಬರುವ ಕಾಗೆಯನ್ನು ನೋಡಿಕೊಂಡು ಬನ್ನಿ ಎಂದು ಕಳಿಸಬಹುದು.

ಮೂರನೇ ಅವಧಿ: ಸಂದಿಗೆ ಮರಳು

ನೀರು ಬಚ್ಚಿಟ್ಟುಕೊಂಡ ಜಾಗ ಯಾವುದು ಎಂದು ಮೊದಲು ತೋರಿಸಬೇಕು. ಒಣ ಡಬ್ಬಿಗೆ ಕೊಕ್ಕಿನ ಗುರುತಿನವರೆಗೆ ಕಲ್ಲು ತುಂಬಿ, "ತುಂಬಿತಾ?" ಎಂದು ಕೇಳಿ, ಹೂಂ ಅಂದ ಮೇಲೆ ಅಳತೆ ಬಾಟಲಿಯಿಂದ ನೀರು ಸುರಿಯುವುದು. 200 ಮಿ.ಲೀ. ಬಾಟಲಿಯ ಬಹುಪಾಲು, 160ರಿಂದ 180 ಮಿ.ಲೀ. ಒಳಗೆ ಹೋಗುತ್ತದೆ. ತುಂಬಿದ ಡಬ್ಬಿಯೊಳಗೆ ಇಷ್ಟು ಜಾಗ ಎಲ್ಲಿತ್ತು? ಎರಡನೇ ಕಾಗೆಯ ಬಳಿ ಇದ್ದದ್ದು 100. ಕೊರತೆ ಎಷ್ಟು ಎಂದು ಮೂರನೇ ತರಗತಿಯವರು ಕಳೆದು ಹೇಳಬಲ್ಲರು.

ಇನ್ನು ಕಾಗೆಗೆ ದಾರಿ. ಮತ್ತೆ 100 ಮಿ.ಲೀ. ನೀರು, ಕೊಕ್ಕಿನ ಗುರುತಿನವರೆಗೆ ಮಾತ್ರ ಕಲ್ಲು, ಸುಮಾರು ಇಪ್ಪತ್ತೈದು. ಅದರ ಮೇಲೆ ತೊಳೆದು ಒಣಗಿಸಿದ ಮರಳನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ಸುರಿದು, ನಡುನಡುವೆ ಡಬ್ಬಿಯ ಬದಿಗೆ ಬೆರಳಿನಿಂದ ತಟ್ಟುವುದು. ಮರಳು ಸಂದಿಗೆ ಇಳಿಯುತ್ತದೆ, ನೀರಿಗೆ ಜಾಗ ಇಲ್ಲದಾಗಿ ಅದು ಮೇಲೇಳುತ್ತದೆ. 100ರಿಂದ 150 ಮಿ.ಲೀ. ಅಳತೆಯ ಮರಳಿಗೆ ನೀರು ಗುರುತು ಮುಟ್ಟುತ್ತದೆ. ಎಂ-ಸ್ಯಾಂಡ್ ಆದರೆ ತಿಳಿನೀರು ಬರುವವರೆಗೆ ತೊಳೆಯದೆ ಬಳಸಬಾರದು, ಕೆಸರಾಗಿ ಏನೂ ಕಾಣುವುದಿಲ್ಲ. ಒದ್ದೆ ಮರಳು ಮೇಲಿನ ಕಲ್ಲಿಗೇ ಅಂಟಿಕೊಂಡು ಮುಚ್ಚಳ ಹಾಕಿದಂತಾಗುತ್ತದೆ, ಆಗ ಒಂದು ಕಡ್ಡಿಯಿಂದ ಕೆದಕಿ ಇಳಿಸಬೇಕು.

ಒಂದು ಗುಂಪಿಗೆ ಬೇಕೆಂದೇ ಕ್ರಮ ತಿರುಗಿಸಿ ಕೊಡುವುದು ಒಳ್ಳೆಯದು: ಮೊದಲು ಮರಳು, ಆಮೇಲೆ ಕಲ್ಲು. ಸಾಮಾನು ಅಷ್ಟೇ, ನೀರು ಅಷ್ಟೇ, ಆದರೂ ನೀರು 5 ಸೆಂ.ಮೀ. ಹತ್ತಿರವೇ ನಿಲ್ಲುತ್ತದೆ. ಮರಳು ತಳದಲ್ಲಿ ಕೂತಿದೆ, ಕಲ್ಲಿನ ಸಂದು ಮೇಲೆ ಖಾಲಿಯೇ ಉಳಿದಿದೆ. ಎರಡು ಡಬ್ಬಿಯನ್ನು ಪಕ್ಕಪಕ್ಕ ಇಟ್ಟಾಗ ಬರುವ ಮಾತು ಶಿಕ್ಷಕಿಯ ವಿವರಣೆಗಿಂತ ಚೆನ್ನಾಗಿರುತ್ತದೆ. ಗಾರೆ ಕೆಲಸದವರ ಮನೆಯ ಮಗು ಇದ್ದರೆ ಕಾಂಕ್ರೀಟಿನ ಮಾತು ತೆಗೆಯಬಹುದು. ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟು. ಮೇಸ್ತ್ರಿಗಳ 1:2:4ರ (ಸಿಮೆಂಟು, ಮರಳು, ಜಲ್ಲಿ) ಹಿಂದೆ ಇರುವುದೂ ಇದೇ ಲೆಕ್ಕ.

ಮೂರನೇ ತರಗತಿಯವರಿಗೆ ಇನ್ನೊಂದು. ಭಾರದ ಕಲ್ಲು ನೀರನ್ನು ಹೆಚ್ಚು ಏರಿಸುತ್ತದೆ ಎಂದು ಅವರಲ್ಲಿ ಅನೇಕರು ನಂಬಿರುತ್ತಾರೆ. ಒಂದೇ ಅಳತೆಯ ಎರಡು ಸಣ್ಣ ಔಷಧಿ ಸೀಸೆ, ಒಂದರಲ್ಲಿ ಪೂರ್ತಿ ಮರಳು, ಇನ್ನೊಂದರಲ್ಲಿ ಒಂದಿಷ್ಟು ಮರಳಿನ ಮೇಲೆ ನೀರು. ಎರಡೂ ಮುಳುಗಬೇಕು, ಒಳಗೆ ಗಾಳಿ ಉಳಿದರೆ ಹಗುರದ್ದು ತೇಲುತ್ತದೆ. ದಾರ ಕಟ್ಟಿ ಇಳಿಸಿದರೆ ಎರಡೂ ನೀರನ್ನು ಸಮನಾಗಿ ಏರಿಸುತ್ತವೆ.

ವಯಸ್ಸಿನ ಮಾತು

ಕಾಗೆ ನಿಜಕ್ಕೂ ಹೀಗೆ ಮಾಡುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಕಾಗೆಯ ಕುಲಕ್ಕೇ ಸೇರಿದ ರೂಕ್ ಎಂಬ ಹಕ್ಕಿಗಳ ಮೇಲೆ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಬರ್ಡ್ ಮತ್ತು ನೇಥನ್ ಎಮರಿ ಪರೀಕ್ಷೆ ನಡೆಸಿ 2009ರಲ್ಲಿ ಪ್ರಕಟಿಸಿದರು. ಕೊಳವೆಯ ನೀರಿನಲ್ಲಿ ತೇಲುವ ಹುಳುವನ್ನು ಎಟುಕಿಸಿಕೊಳ್ಳಲು ನಾಲ್ಕು ರೂಕ್‌ಗಳು ಕಲ್ಲು ಹಾಕಿದವು, ಸಣ್ಣ ಕಲ್ಲಿಗಿಂತ ದೊಡ್ಡದನ್ನು ಆರಿಸಿಕೊಂಡವು. ನಮ್ಮ ಲೆಕ್ಕಕ್ಕೆ ಹೆಚ್ಚು ಬೇಕಾದದ್ದು 2012ರಲ್ಲಿ ಲೂಸಿ ಚೀಕ್ ಮತ್ತು ಸಂಗಡಿಗರು ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಅದೇ ಬಗೆಯ ಸಮಸ್ಯೆ ಕೊಟ್ಟು ಕಂಡದ್ದು. ಎಂಟು ದಾಟಿದವರು ಮೊದಲ ಯತ್ನದಲ್ಲೇ ಬಿಡಿಸಿದರು. ಐದರಿಂದ ಏಳರವರು ಹಕ್ಕಿಗಳಂತೆ ನಾಲ್ಕೈದು ಸಲ ಮಾಡಿ ಕಲಿತರು. ನಲಿ-ಕಲಿ ಕೊಠಡಿಯಲ್ಲಿ ಈ ಎರಡೂ ವಯಸ್ಸು ಒಂದೇ ತಟ್ಟೆಯ ಸುತ್ತ ಕೂತಿರುತ್ತದೆ. ದೊಡ್ಡವರಿಗೆ ಕಲ್ಲು ಕೊಟ್ಟರೆ ಆಟ ಎರಡು ನಿಮಿಷದಲ್ಲಿ ಮುಗಿದು ಚಿಕ್ಕವರು ನೋಡುತ್ತಾ ಉಳಿಯುತ್ತಾರೆ. ಹಾಗಾಗಿ ಕಲ್ಲು ಇಳಿಸುವ ಕೈ ಒಂದನೇ ತರಗತಿಯದು, ಬ್ಯಾಂಡ್ ಸರಿಸುವುದು ಎರಡನೆಯದು, ಎಣಿಸಿ ಬರೆಯುವುದು ಮೂರನೆಯದು ಎಂದು ಮೊದಲೇ ಹಂಚಬೇಕು.

ಜಾಗ ಜಗುಲಿ, ಕೆಳಗೆ ಗೋಣಿಚೀಲ, ಪ್ರತಿ ಡಬ್ಬಿಯ ಅಡಿಗೆ ಊಟದ ತಟ್ಟೆ. ನಾಲ್ಕು ಗುಂಪಿಗೆ ಒಂದು ಅವಧಿಗೆ ಐದು ಲೀಟರ್ ನೀರು ಸಾಕು, ಮುಗಿದ ಮೇಲೆ ಗಿಡಕ್ಕೆ. ಅಕ್ಕನ ಜೊತೆ ಬಂದ ಮೂರು ವರ್ಷದೊಳಗಿನ ಮಗು ಕೊಠಡಿಯಲ್ಲಿದ್ದರೆ ಈ ಕಲ್ಲು ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆಯದೇ. ಕೊಡುವಾಗ ಎಣಿಸಿ, ವಾಪಸ್ ತೆಗೆದುಕೊಳ್ಳುವಾಗಲೂ ಎಣಿಸಬೇಕು. ಬಕೆಟ್ಟನ್ನು ಆಗಲೇ ಬರಿದು ಮಾಡಬೇಕು.

ಕಲಿತರೋ ಇಲ್ಲವೋ ಎಂದು ನೋಡಲು 'ಸ್ಥಾನಪಲ್ಲಟ' (ವಸ್ತು ತಾನಿರುವ ಜಾಗದ ನೀರನ್ನು ಸರಿಸುವುದು) ಎಂಬ ಪದ ಕೇಳಿ ಪ್ರಯೋಜನವಿಲ್ಲ. ವಾರ ಬಿಟ್ಟು, ಕಾಗೆಯ ಹೆಸರೆತ್ತದೆ, ಒಬ್ಬೊಬ್ಬರಿಗೇ ಎರಡು ಪ್ರಶ್ನೆ. ಅಂಚಿನವರೆಗೆ ತುಂಬಿದ ಲೋಟಕ್ಕೆ ಚಮಚ ಇಳಿಸಿದರೆ ಏನಾಗುತ್ತದೆ, ಚಮಚ ತೆಗೆದ ಮೇಲೆ ಲೋಟದಲ್ಲಿ ನೀರು ಎಷ್ಟಿರುತ್ತದೆ? ತೆಗೆದ ಮೇಲೆ ಮಟ್ಟ ಅಂಚಿಗಿಂತ ಕೆಳಗಿರುತ್ತದೆ ಎಂದರೆ, ಚೆಲ್ಲಿದ ನೀರನ್ನು ಮಗು ಲೆಕ್ಕಕ್ಕೆ ಹಿಡಿದಿದೆ. ಎರಡನೆಯದು: ಎರಡು ಖಾಲಿ ಡಬ್ಬಿ, ಒಂದರ ತುಂಬ ದೊಡ್ಡ ಕಲ್ಲು, ಇನ್ನೊಂದರ ತುಂಬ ದೊಡ್ಡ ಕಲ್ಲಿನ ನಡುವೆ ಮರಳು, ಯಾವುದರಲ್ಲಿ ಹೆಚ್ಚು ನೀರು ಹಿಡಿಯುತ್ತದೆ? ಕಲ್ಲಿನದರಲ್ಲಿ ಎಂದು ಹೇಳಿದ ಮಗುವನ್ನೂ ಅಲ್ಲಿಗೇ ಬಿಡಬಾರದು, ಏಕೆ ಎಂದು ಕೇಳಬೇಕು. "ಸಂದು ಜಾಸ್ತಿ ಐತೆ" ಎಂದರೆ ಸಾಕು. "ಕಲ್ಲು ದೊಡ್ಡದು, ಅದಕ್ಕೇ" ಎಂದರೆ ಆ ಮಗುವಿನ ಕೈಗೆ ಮತ್ತೊಮ್ಮೆ ಮರಳಿನ ಚಮಚ ಕೊಡಬೇಕು.